ಇಪ್ಪತ್ತು ಹೆಂಗಸರು, ಇಪ್ಪತ್ತು ವಿಮಾನ, ಒಂದೇ ದಾರಿ

(ನಮ್ಮ ಊರಿನ ಗ್ರಂಥಾಲಯದಲ್ಲಿ ಭಾನುವಾರ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೇಳುಗರ ಪ್ರಶ್ನೆಗಳನ್ನು ಸಂದರ್ಭ ಬಂದ ಕಡೆಯೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಒಂದು ಪ್ರಯಾಣದ ಕಥೆ. 1929ರ ಆಗಸ್ಟ್ 18ರಿಂದ 26ರವರೆಗೆ ಅಮೆರಿಕದಲ್ಲಿ ನಡೆದದ್ದು. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಿಂದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿಗೆ, ಸುಮಾರು 2,800 ಮೈಲಿ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ, ಹೆಚ್ಚುಕಡಿಮೆ ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ ಹೋಗಿ ವಾಪಸ್ ಬಂದಷ್ಟು ದೂರ. ಇಪ್ಪತ್ತು ಮಂದಿ ಹೆಂಗಸರು ಅಷ್ಟು ದೂರವನ್ನು ಪುಟ್ಟ ಪುಟ್ಟ ವಿಮಾನಗಳಲ್ಲಿ ಹೊರಟರು. ಒಂದು ವಿಮಾನಕ್ಕೆ ಒಬ್ಬರೇ. ಹಾರಿಸುವವರೂ ಅವರೇ, ದಾರಿ ಹುಡುಕುವವರೂ ಅವರೇ.

ಅದನ್ನು ರೇಸ್ ಅಂತ ಕರೆದರು. ಮಹಿಳಾ ಏರ್ ಡರ್ಬಿ ಅಂತ ಅದರ ಹೆಸರು. ಗೆದ್ದವರು ಲೂಯೀಸ್ ಥೇಡನ್. ಈ ಕಥೆಯನ್ನು ಎಲ್ಲರೂ ಗೆದ್ದವರಿಂದ ಶುರು ಮಾಡುತ್ತಾರೆ, ಮೂರನೆಯವರಾಗಿ ಬಂದ ಹೆಸರಾಂತ ಪೈಲಟ್ ಅಮೀಲಿಯಾ ಇಯರ್‌ಹಾರ್ಟ್ ಹೆಸರು ಹೇಳಿ ಮುಗಿಸುತ್ತಾರೆ. ನನಗೆ ಇದರಲ್ಲಿ ಹಿಡಿಸಿದ್ದು ಬೇರೆಯೇ. ಒಂಬತ್ತು ದಿನ ಇವರೆಲ್ಲ ಒಂದೇ ದಾರಿಯಲ್ಲಿ ಹೋದರು. ಒಂದೇ ಮೈದಾನದ ಧೂಳಿನಲ್ಲಿ ಇಳಿದರು, ಒಂದೇ ಊರಿನಲ್ಲಿ ರಾತ್ರಿ ಕಳೆದರು. ಹಗಲು ಪೈಪೋಟಿ, ಸಂಜೆ ಒಟ್ಟಿಗೆ ಊಟ. ಆ ದಾರಿಯಲ್ಲಿ ಅವರು ಕೂಡಿ ಮಾಡಿದ ಕೆಲವು ತೀರ್ಮಾನಗಳಿವೆ. ಗೆದ್ದ ಕಪ್ಪಿಗಿಂತ ಅವೇ ಹೆಚ್ಚು ಕಾಲ ಬಾಳಿದವು ಅನ್ನುವುದು ನನ್ನ ನಂಬಿಕೆ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಹೊರಡುವ ಮೊದಲೇ ಜಗಳ ಶುರುವಾಗಿತ್ತು. ಹೆಂಗಸರು ಪಶ್ಚಿಮದ ಬೆಟ್ಟಗಳನ್ನು ದಾಟುವುದು ಅಪಾಯ, ಅವರು ನಡುದೇಶದ ಓಮಾಹಾ ಊರಿನಿಂದ ಶುರು ಮಾಡಲಿ ಅಂತ ಒಂದು ಸಲಹೆ ಬಂತು. ಇಲ್ಲದಿದ್ದರೆ ಪ್ರತಿಯೊಬ್ಬರೂ ಒಬ್ಬ ಗಂಡಸನ್ನು ಜೊತೆಗೆ ಕೂರಿಸಿಕೊಂಡು ಹೋಗಲಿ ಅಂತ ಇನ್ನೊಂದು. ಇಯರ್‌ಹಾರ್ಟ್ ಮತ್ತು ಜೊತೆಯವರು ಎರಡನ್ನೂ ಒಪ್ಪಲಿಲ್ಲ. ಹಾಗಾದರೆ ನಾವು ಹಾರುವುದೇ ಇಲ್ಲ ಅಂದರು. ಸಂಘಟಕರು ಹಿಂದೆ ಸರಿದರು.

ನಿಯಮಗಳು ಸಡಿಲವಾಗಿರಲಿಲ್ಲ. ಒಬ್ಬರೇ ಹಾರಿದ ಅನುಭವ 100 ಗಂಟೆ ಇರಬೇಕು. ಅದರಲ್ಲಿ 25 ಗಂಟೆ ಊರಿಂದೂರಿಗೆ ಹಾರಿದ್ದಾಗಿರಬೇಕು. ಜೊತೆಗೆ ಪ್ಯಾರಾಶೂಟ್, ಒಂದು ಗ್ಯಾಲನ್ ನೀರು, ಮೂರು ದಿನಕ್ಕೆ ಆಗುವಷ್ಟು ಆಹಾರ. ಮರುಭೂಮಿಯಲ್ಲಿ ಇಳಿಯಬೇಕಾಗಿ ಬಂದರೆ ಯಾರಾದರೂ ಹುಡುಕಿಕೊಂಡು ಬರುವ ತನಕ ಬದುಕಿರಬೇಕಲ್ಲ, ಅದಕ್ಕೆ. ಇವೆಲ್ಲ ಸರಿಯಾದ ನಿಯಮಗಳೇ. ಆದರೆ ಓಪಲ್ ಕುಂಜ್ ಅವರಿಗೆ ಆದದ್ದು ಸರಿಯಲ್ಲ. ಅವರ ಹತ್ತಿರ 300 ಅಶ್ವಶಕ್ತಿಯ ಸ್ವಂತ ವಿಮಾನ ಇತ್ತು. ಹೆಂಗಸಿಗೆ ಅದು ಜಾಸ್ತಿ ಆಯಿತು ಅಂತ ಅಧಿಕಾರಿಗಳು ಹೇಳಿದರು. ದಿನಾ ಹಾರಿಸುತ್ತಿದ್ದ ವಿಮಾನವನ್ನು ಬಿಟ್ಟು ಅವರು ಕಡಿಮೆ ಶಕ್ತಿಯ ಇನ್ನೊಂದನ್ನು ಹೊಂದಿಸಿಕೊಳ್ಳಬೇಕಾಯಿತು. ಕೈಗೆ ಪಳಗಿದ ಯಂತ್ರವನ್ನು ಕಿತ್ತುಕೊಂಡು ಹೊಸದನ್ನು ಕೊಡುವುದು ಸುರಕ್ಷತೆ ಅಲ್ಲ. ಎಂಜಿನ್ ರಿಪೇರಿ ಕೆಲಸದಲ್ಲೇ ಬದುಕು ಕಳೆದವನು ನಾನು. ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ.

ಹೊರಟವರೆಲ್ಲ ಒಂದೇ ಥರದವರಾಗಿರಲಿಲ್ಲ. ರೂತ್ ಎಲ್ಡರ್ 1927ರಲ್ಲಿ ಅಟ್ಲಾಂಟಿಕ್ ದಾಟಲು ಹೊರಟು, ನಡುವೆ ಸಮುದ್ರಕ್ಕೆ ಇಳಿದು, ಒಂದು ಡಚ್ ತೈಲ ಹಡಗಿನಿಂದ ಬದುಕಿ ಬಂದವರು. ಜೆಸ್ಸಿ ಮಿಲ್ಲರ್ ಆಸ್ಟ್ರೇಲಿಯಾದವರು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಜೊತೆ ಪೈಲಟ್ಟಾಗಿ ಹಾರಿ ಬಂದಿದ್ದರು. ಟೆಯಾ ರಾಶೆ ಜರ್ಮನಿಯವರು. ವೆರಾ ಡಾನ್ ವಾಕರ್ ಎಷ್ಟು ಕುಳ್ಳಗಿದ್ದರೆಂದರೆ, ಪೆಡಲ್ಲಿಗೆ ಕಾಲು ಎಟುಕಲು ಸೀಟಿನಲ್ಲಿ ದಿಂಬು ಇಟ್ಟುಕೊಳ್ಳುತ್ತಿದ್ದರು. ವಿಮಾನಗಳಲ್ಲೂ ಅಷ್ಟೇ ವ್ಯತ್ಯಾಸ. ಇಯರ್‌ಹಾರ್ಟ್ ಅವರದು ಮುಚ್ಚಿದ ಕ್ಯಾಬಿನ್ನಿನ ಲಾಕ್‌ಹೀಡ್ ವೇಗಾ. ಥೇಡನ್ ಅವರದು ತೆರೆದ ಸೀಟಿನ ಟ್ರಾವೆಲ್ ಏರ್. ಫೀಬಿ ಓಮ್ಲಿ ಅವರದು ಮಾನೋಕೂಪ್ ಅನ್ನುವ ಪುಟ್ಟ ಹಗುರ ವಿಮಾನ. ಹಾಗಾಗಿ ದೊಡ್ಡ ಎಂಜಿನ್ನಿನವು ಒಂದು ವರ್ಗ, ಸಣ್ಣವು ಇನ್ನೊಂದು ವರ್ಗ ಅಂತ ಮಾಡಿದ್ದರು.

ಇಲ್ಲಿ ಒಬ್ಬ ಹೈಸ್ಕೂಲ್ ಹುಡುಗ ಕೈ ಎತ್ತಿ ಕೇಳಿದ: "ಸರ್, ಆಗ ಜಿಪಿಎಸ್ ಇರಲಿಲ್ವಲ್ಲ, ದಾರಿ ಹೇಗೆ ಗೊತ್ತಾಗ್ತಿತ್ತು?"

ಒಳ್ಳೆಯ ಪ್ರಶ್ನೆ. ಜಿಪಿಎಸ್ ಬಿಡಿ, ಈ ವಿಮಾನಗಳಲ್ಲಿ ರೇಡಿಯೋ ಕೂಡ ಇರಲಿಲ್ಲ. ತೊಡೆಯ ಮೇಲೆ ಒಂದು ಮ್ಯಾಪು. ಎಷ್ಟೋ ಸಲ ಅದು ಕಾರಿನವರು ಬಳಸುವ ರಸ್ತೆ ಮ್ಯಾಪೇ. ಎದುರಿಗೆ ಒಂದು ದಿಕ್ಸೂಚಿ. ಅದು ವಿಮಾನದ ಕುಲುಕಾಟಕ್ಕೆ ತೂಗಾಡುತ್ತಲೇ ಇರುತ್ತಿತ್ತು. ಜೊತೆಗೆ ಗಡಿಯಾರ. ಇಷ್ಟು ಹೊತ್ತು ಇಷ್ಟು ವೇಗದಲ್ಲಿ ಹಾರಿದರೆ ಇಷ್ಟು ದೂರ ಬಂದಿರಬೇಕು ಅನ್ನುವ ಲೆಕ್ಕ. ಅಡ್ಡಗಾಳಿ ಬಂದರೆ ಆ ಲೆಕ್ಕ ಕೆಡುತ್ತದೆ. ಆಗ ಉಳಿಯುವುದು ಕೆಳಗೆ ಕಾಣುವ ನದಿ, ರಸ್ತೆ, ರೈಲು ಹಳಿ. ರೈಲು ಹಳಿಯ ಮೇಲೆ ಹಾರುತ್ತ ಹೋದರೆ ಊರು ಸಿಕ್ಕೇ ಸಿಗುತ್ತದೆ. ಆದರೆ ಯಾವ ಊರು? ಮೇಲಿನಿಂದ ನೋಡಿದರೆ ಟೆಕ್ಸಸ್ಸಿನ ಸಣ್ಣ ಊರುಗಳೆಲ್ಲ ಒಂದೇ ಥರ. ನಾಲ್ಕು ರಸ್ತೆ, ಒಂದು ಸ್ಟೇಷನ್ನು, ಒಂದು ನೀರಿನ ಟ್ಯಾಂಕು. ಗೊತ್ತಾಗದಿದ್ದರೆ ಯಾವುದಾದರೂ ಹೊಲದಲ್ಲಿ ಇಳಿದು ರೈತರನ್ನೇ ಕೇಳಬೇಕು. ರೂತ್ ಎಲ್ಡರ್ ಹಾಗೆ ಇಳಿದದ್ದು ದನಗಳು ಮೇಯುತ್ತಿದ್ದ ಬಯಲಿನಲ್ಲಿ. ಅವರ ವಿಮಾನದ ಬಣ್ಣ ಕೆಂಪು. ಹೋರಿಗಳು ಮೈಮೇಲೆ ಬಂದಾವು ಅಂತ ಜೀವ ಕೈಯಲ್ಲಿ ಹಿಡಿದು ಕೂತಿದ್ದರಂತೆ. ಈ ದಾರಿ ತಪ್ಪುವ ವಿಷಯ ನೆನಪಿಟ್ಟುಕೊಳ್ಳಿ. ಇದಕ್ಕೆ ಮುಂದೆ ಬರುತ್ತೇನೆ.

ಮೊದಲ ದಿನದ ಹಾರಾಟ ಚಿಕ್ಕದು. ಸಾಂಟಾ ಮೋನಿಕಾದಿಂದ ಸ್ಯಾನ್ ಬರ್ನಾರ್ಡಿನೋ ತನಕ ಮಾತ್ರ. ಅಲ್ಲಿನ ಮೈದಾನದಲ್ಲಿ ಎಷ್ಟು ಧೂಳು ಎದ್ದಿತೆಂದರೆ ನೆಲವೇ ಕಾಣುತ್ತಿರಲಿಲ್ಲ. ಇಳಿಯುವಾಗ ಓಪಲ್ ಕುಂಜ್ ಅವರ ವಿಮಾನದ ಚಕ್ರದ ಕಾಲು ಮುರಿಯಿತು. ಆ ರಾತ್ರಿ ಎಲ್ಲರೂ ಸೇರಿ ಕೂತರು. ಮರುದಿನದ ನಿಲುಗಡೆ ಕ್ಯಾಲೆಕ್ಸಿಕೋದಲ್ಲಿ ಇತ್ತು. ವೇಗದ ವಿಮಾನಗಳಿಗೆ ಅಲ್ಲಿನ ಮೈದಾನ ಸಾಲದು ಅಂತ ಅವರಿಗೆ ಗೊತ್ತಿತ್ತು. ಎಲ್ಲರೂ ಸಹಿ ಹಾಕಿ, ಅಲ್ಲಿ ಇಳಿಯುವುದಿಲ್ಲ ಅಂತ ಹೇಳಿದರು. ನಿಲುಗಡೆ ಯೂಮಾಕ್ಕೆ ಬದಲಾಯಿತು.

ಯೂಮಾದಲ್ಲಿ ಏನಾಯಿತು ನೋಡಿ. ಇಯರ್‌ಹಾರ್ಟ್ ಇಳಿಯುವಾಗ ವಿಮಾನ ಮರಳಿಗೆ ನುಗ್ಗಿ ಮೂಗು ಮುಗ್ಗರಿಸಿತು. ಪ್ರೊಪೆಲರ್ ಬಾಗಿ ಹೋಯಿತು. ಹೊಸದು ಲಾಸ್ ಏಂಜಲಿಸ್‌ನಿಂದ ಬರಬೇಕು. ರೇಸ್ ಅಂದಮೇಲೆ ಉಳಿದವರು ಹೋಗಬಹುದಿತ್ತು. ಅವರು ಹೋಗಲಿಲ್ಲ. ಮತ ಹಾಕಿ, ಎಲ್ಲರೂ ಕಾಯೋಣ ಅಂತ ತೀರ್ಮಾನ ಮಾಡಿದರು. ಆಗಸ್ಟ್ ತಿಂಗಳ ಅರಿಝೋನಾ ಮರುಭೂಮಿ. ಬಿಸಿಲು ಹೇಗಿರಬೇಕು ನೀವೇ ಊಹಿಸಿ. ರೇಸಿನಲ್ಲಿ ಎಲ್ಲರಿಗಿಂತ ಹೆಸರುವಾಸಿಯಾದ ಪ್ರತಿಸ್ಪರ್ಧಿಗಾಗಿ ಉಳಿದವರೆಲ್ಲ ಆ ಸೆಕೆಯಲ್ಲಿ ಗಂಟೆಗಟ್ಟಲೆ ಕೂತಿದ್ದರು. ಈ ಪ್ರಯಾಣದ ಬಗ್ಗೆ ನನಗೆ ಒಂದೇ ಒಂದು ಸಂಗತಿ ಹೇಳಲು ಬಿಟ್ಟರೆ, ಇದನ್ನೇ ಹೇಳುತ್ತೇನೆ.

ಆದರೆ ಅದೇ ದಿನ, ಆಗಸ್ಟ್ 19ರಂದು, ಮಾರ್ವೆಲ್ ಕ್ರಾಸನ್ ತೀರಿಕೊಂಡರು.

ಅವರ ಬಗ್ಗೆ ಸ್ವಲ್ಪ ಹೇಳಬೇಕು. ಒಡಹುಟ್ಟಿದ ಇಬ್ಬರೂ ಪೈಲಟ್ಟುಗಳು. ಸೋದರ ಜೋ ಕ್ರಾಸನ್ ಅಲಾಸ್ಕಾದ ಹಿಮದಲ್ಲಿ ಹಾರಿ ದೊಡ್ಡ ಹೆಸರು ಮಾಡಿದವರು. ಮಾರ್ವೆಲ್ ಅದೇ ವರ್ಷದ ಮೇ ತಿಂಗಳಲ್ಲಿ ಸುಮಾರು 24,000 ಅಡಿ ಎತ್ತರಕ್ಕೆ ಏರಿ ಹೆಂಗಸರ ದಾಖಲೆ ಬರೆದಿದ್ದರು. ಈ ರೇಸ್ ಗೆಲ್ಲಬಹುದು ಅಂತ ಜನ ಎಣಿಸಿದ್ದವರಲ್ಲಿ ಅವರೂ ಒಬ್ಬರು. ಯೂಮಾ ಬಿಟ್ಟವರು ಫೀನಿಕ್ಸಿಗೆ ಬರಲಿಲ್ಲ. ಅರಿಝೋನಾದ ವೆಲ್ಟನ್ ಹತ್ತಿರ, ಗಿಲಾ ನದಿಯ ಬಯಲಿನಲ್ಲಿ ವಿಮಾನ ಬಿದ್ದಿತ್ತು. ಮರುದಿನ ದೇಹ ಸಿಕ್ಕಿತು. ಪ್ಯಾರಾಶೂಟ್ ಇದ್ದರೂ ಅವರನ್ನು ಉಳಿಸಲಿಲ್ಲ.

ಕಾರಣ ಏನು ಅನ್ನುವುದು ಪೂರ್ತಿ ಇತ್ಯರ್ಥ ಆಗಲಿಲ್ಲ. ಕಾರ್ಬನ್ ಮಾನಾಕ್ಸೈಡ್ ಇರಬಹುದು ಅಂತ ಹಲವರು ಆಮೇಲೆ ಹೇಳಿದರು. ಅದಕ್ಕೆ ಆಧಾರ ಇದೆ. ಮುಂದೆ ಎಂಜಿನ್, ಅದರ ಹಿಂದೆ ತೆರೆದ ಸೀಟು. ಎಂಜಿನ್ನಿನ ಹೊಗೆ ಸರಿಯಾಗಿ ಹೊರಗೆ ಹೋಗದಿದ್ದರೆ ಸೀದಾ ಪೈಲಟ್ಟಿನ ಮುಖಕ್ಕೆ ಬರುತ್ತದೆ. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆನೋವು, ಆಮೇಲೆ ಮಂಪರು. ಮಂಪರು ಬಂದಿದೆ ಅಂತ ಗೊತ್ತಾಗುವಷ್ಟು ಎಚ್ಚರವೂ ಉಳಿಯುವುದಿಲ್ಲ. ಕ್ರಾಸನ್ ಅವರಂತೆ ಥೇಡನ್ ಅವರೂ ಟ್ರಾವೆಲ್ ಏರ್ ಕಂಪನಿಯ ವಿಮಾನದಲ್ಲೇ ಇದ್ದರು. ರೇಸಿಗೆ ಮೊದಲು ಅದನ್ನು ಹಾರಿಸಿಕೊಂಡು ಬರುವಾಗಲೇ ಅವರಿಗೆ ಈ ಅನಿಲ ಹತ್ತಿ ತಲೆ ಸುತ್ತಿತ್ತು. ಕಂಪನಿಯ ಯಜಮಾನ ವಾಲ್ಟರ್ ಬೀಚ್ ಅವರು ಹೊರಗಿನ ಗಾಳಿ ಸೀಟಿನ ತನಕ ಬರುವಂತೆ ಒಂದು ಕೊಳವೆ ಜೋಡಿಸಿ ಕೊಟ್ಟರು. ಥೇಡನ್ ದಾರಿಯುದ್ದಕ್ಕೂ ಆ ಕೊಳವೆಗೆ ಮುಖ ಒಡ್ಡಿ ಉಸಿರಾಡಿಕೊಂಡು ಹೋದರು. ಒಂದು ಕೊಳವೆ, ಅಷ್ಟೇ. ನನಗೆ ಈ ಭಾಗ ಓದುವಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಸಾವಿನ ಸುದ್ದಿ ಬಂದದ್ದೇ ತಡ, ರೇಸ್ ನಿಲ್ಲಿಸಿ ಅನ್ನುವ ಕೂಗು ಎದ್ದಿತು. ಹೆಂಗಸರಿಗೆ ಹಾರಲು ಬರುವುದಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ ಅಂತ ಪತ್ರಿಕೆಗಳಲ್ಲಿ ಬಂತು. ಆ ಕಾಲದ ರೇಸುಗಳಲ್ಲಿ ಗಂಡಸರೂ ಸಾಯುತ್ತಿದ್ದರು. ಆಗ ಯಾರೂ ಗಂಡಸರಿಗೆ ಹಾರಲು ಬರುವುದಿಲ್ಲ ಅನ್ನಲಿಲ್ಲ, ಅಲ್ವಾ? ಉಳಿದ ಹೆಂಗಸರು ಮತ್ತೆ ಸೇರಿ ಮಾತಾಡಿದರು. ಮುಂದುವರಿಯುತ್ತೇವೆ ಅಂದರು. ಈ ತೀರ್ಮಾನ ಸರಿಯಾ ಅಂತ ಇಲ್ಲಿ ಒಬ್ಬ ಹಿರಿಯರು ಕೇಳಿದರು. ನನ್ನ ಪ್ರಕಾರ ಸರಿ. ಆ ದಿನ ನಿಲ್ಲಿಸಿದ್ದರೆ ಕ್ರಾಸನ್ ಅವರ ಸಾವನ್ನು ಮುಂದೆ ವರ್ಷಗಟ್ಟಲೆ ಬೇರೆ ಹೆಂಗಸರ ದಾರಿಗೆ ಅಡ್ಡ ಹಾಕಿ ಇಡುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ದಾರಿಯುದ್ದಕ್ಕೂ ತೊಂದರೆ ಒಂದರ ಹಿಂದೆ ಒಂದು ಬಂತು. ಬಾಬಿ ಟ್ರೌಟ್ ಅವರ ಎಂಜಿನ್ ಮೆಕ್ಸಿಕೋ ಗಡಿಯ ಆಚೆ ಕೈಕೊಟ್ಟಿತು. ವಿಮಾನ ನೆಲಕ್ಕೆ ಬಡಿದು ಜಖಂ ಆಯಿತು. ಅವರು ಅದನ್ನು ಸರಿಮಾಡಿಸಿಕೊಂಡು ದಿನಗಟ್ಟಲೆ ತಡವಾಗಿಯಾದರೂ ಹಿಂದೆಯೇ ಹಾರಿ ಬಂದರು. ಟೆಯಾ ರಾಶೆ ಅವರ ಪೆಟ್ರೋಲಿನಲ್ಲಿ ಕಸ ಸೇರಿತ್ತು. ಪಾಂಚೋ ಬಾರ್ನ್ಸ್ ಟೆಕ್ಸಸ್ಸಿನ ಪೇಕಸ್‌ನಲ್ಲಿ ಇಳಿಯುವಾಗ, ವಿಮಾನ ನೋಡಲು ಬಂದವರ ಕಾರು ಓಡುದಾರಿಯ ಪಕ್ಕದಲ್ಲೇ ನಿಂತಿತ್ತು. ವಿಮಾನ ಅದಕ್ಕೆ ಹೊಡೆದು ಅವರ ಪ್ರಯಾಣ ಅಲ್ಲಿಗೇ ಮುಗಿಯಿತು. ಮಾರ್ಗರೆಟ್ ಪೆರ್ರಿ ಮೈ ಸುಡುವ ಜ್ವರ ಇಟ್ಟುಕೊಂಡು ಹಾರುತ್ತಿದ್ದರು. ಫೋರ್ಟ್ ವರ್ತ್‌ನಲ್ಲಿ ಆಸ್ಪತ್ರೆ ಸೇರಿದರು. ಟೈಫಾಯ್ಡ್ ಆಗಿತ್ತು.

ಬ್ಲಾಂಚ್ ನೋಯ್ಸ್ ಅವರದು ಮಾತ್ರ ಬಿಡಿಸಿ ಹೇಳಬೇಕಾದ ಕಥೆ. ಪೇಕಸ್ ಹತ್ತಿರ ಹಾರುತ್ತಿದ್ದಾಗ ಸುಟ್ಟ ವಾಸನೆ ಬಂತು. ಹಿಂದಿನ ಸಾಮಾನಿನ ಗೂಡಿನಲ್ಲಿ ಬೆಂಕಿ. ಬಟ್ಟೆಯ ಹೊದಿಕೆ, ಟ್ಯಾಂಕಿನ ತುಂಬ ಪೆಟ್ರೋಲು. ಬೆಂಕಿ ಆರಿಸುವ ಉಪಕರಣ ನೆಲಕ್ಕೆ ಬಿಗಿದದ್ದು ಬಿಡಿಸಲು ಬರಲಿಲ್ಲ. ಅವರು ಮುಳ್ಳುಪೊದೆಗಳ ನಡುವೆಯೇ ವಿಮಾನ ಇಳಿಸಿದರು. ಕೈಯಲ್ಲಿ ಮರಳು ಬಾಚಿ ಬಾಚಿ ಎರಚಿ ಬೆಂಕಿ ಆರಿಸಿದರು. ಚಕ್ರದ ಕಾಲು ಸೊಟ್ಟಗಾಗಿತ್ತು. ಆ ಪೊದೆಗಳ ನಡುವಿನಿಂದಲೇ ಮತ್ತೆ ಹಾರಿಸಿಕೊಂಡು ಪೇಕಸ್ ತಲುಪಿದರು. ಯಾರ ಸಹಾಯವೂ ಇಲ್ಲದೆ. ಇಡೀ ಡರ್ಬಿಯಲ್ಲಿ ಇದಕ್ಕಿಂತ ದೊಡ್ಡ ಹಾರಾಟ ಇಲ್ಲ ಅಂತ ನನ್ನ ಅಭಿಪ್ರಾಯ. ಫಲಿತಾಂಶದ ಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ಹಾರುವುದು ಒಂದು ಕಷ್ಟವಾದರೆ, ಇಳಿದ ಮೇಲಿನದು ಇನ್ನೊಂದು. ಪ್ರತಿ ಊರಿನಲ್ಲೂ ಜನ ಮುತ್ತಿಕೊಳ್ಳುತ್ತಿದ್ದರು. ಎಷ್ಟೋ ಜನ ವಿಮಾನವನ್ನು ಹತ್ತಿರದಿಂದ ನೋಡಿದ್ದೇ ಮೊದಲು. ಮುಟ್ಟಬೇಕು, ಬಟ್ಟೆಯ ರೆಕ್ಕೆಯನ್ನು ಬೆರಳಿನಿಂದ ಒತ್ತಿ ನೋಡಬೇಕು. ಒಂದು ತೂತಾದರೂ ಮರುದಿನ ಗಾಳಿಗೆ ಅದು ಹರಿದು ದೊಡ್ಡದಾಗುತ್ತದೆ. ಇವರಿಗೆ ಇನ್ನೂ ಪೆಟ್ರೋಲ್ ತುಂಬಿಸುವುದು, ಎಣ್ಣೆ ನೋಡುವುದು ಬಾಕಿ. ಮುಖದ ತುಂಬ ಮಸಿ, ಬಿಸಿಲಿಗೆ ಸುಲಿದ ಚರ್ಮ. ಹಾಗೇ ಊರಿನ ಗಣ್ಯರ ಜೊತೆ ಔತಣಕ್ಕೆ ಹೋಗಬೇಕು, ಭಾಷಣ ಕೇಳಬೇಕು. ಮಲಗುವ ಹೊತ್ತಿಗೆ ನಡುರಾತ್ರಿ. ಬೆಳಕು ಹರಿಯುವ ಮೊದಲೇ ಮತ್ತೆ ಮೈದಾನಕ್ಕೆ. ಒಂಬತ್ತು ದಿನವೂ ಹೀಗೆ. ದಣಿದ ಪೈಲಟ್ಟನ್ನು ಹಾರಲು ಬಿಡಬಾರದು ಅಂತ ಇವತ್ತು ನಾವು ನಿಯಮವನ್ನೇ ಮಾಡಿದ್ದೇವೆ. ಆಗ ಊರಿನವರ ಪ್ರೀತಿಯೇ ಇವರ ನಿದ್ದೆ ಕದಿಯುತ್ತಿತ್ತು.

ಕೊನೆಯ ದಿನಗಳನ್ನು ಬೇಗ ಹೇಳಿಬಿಡುತ್ತೇನೆ. ಕೊಲಂಬಸ್‌ನಲ್ಲಿ ರೂತ್ ನಿಕೋಲ್ಸ್ ಅವರ ವಿಮಾನ ಓಡುದಾರಿಯ ತುದಿಯಲ್ಲಿ ನಿಂತಿದ್ದ ಯಂತ್ರಕ್ಕೆ ಹೊಡೆದು ಪಲ್ಟಿಯಾಯಿತು. ಅವರಿಗೆ ಪೆಟ್ಟಾಗಲಿಲ್ಲ. ಆದರೆ ಮುಂಚೂಣಿಯಲ್ಲಿದ್ದ ಅವರು ಆಟದಿಂದ ಹೊರಗೆ ಬಿದ್ದರು. 26ರಂದು ಥೇಡನ್ ಮೊದಲಿಗರಾಗಿ ಕ್ಲೀವ್‌ಲ್ಯಾಂಡಿನಲ್ಲಿ ಇಳಿದರು. ಗಾಳಿಯಲ್ಲಿ ಕಳೆದದ್ದು ಒಟ್ಟು 20 ಗಂಟೆಗಿಂತ ಸ್ವಲ್ಪ ಜಾಸ್ತಿ. ಗ್ಲಾಡಿಸ್ ಓಡಾನೆಲ್ ಎರಡನೆಯವರು. ಹಗುರ ವಿಮಾನಗಳ ವರ್ಗದಲ್ಲಿ ಫೀಬಿ ಓಮ್ಲಿ ಗೆದ್ದರು. ಹೊರಟವರಲ್ಲಿ ಮುಕ್ಕಾಲು ಪಾಲು ಜನ ತಲುಪಿದರು. ಬಟ್ಟೆ ಹೊದಿಸಿದ ವಿಮಾನ, ಗುರುತೇ ಇಲ್ಲದ ದಾರಿ, ದಿನಾ ಅರೆನಿದ್ದೆ. ಅದರಲ್ಲಿ ಇದು ಸಣ್ಣ ಮಾತಲ್ಲ.

ಈಗ ನಾನು ಮೊದಲು ಹೇಳಿದ, ಹೆಚ್ಚು ಕಾಲ ಬಾಳಿದ ಸಂಗತಿಗೆ ಬರುತ್ತೇನೆ.

ಕ್ಲೀವ್‌ಲ್ಯಾಂಡಿನಲ್ಲಿ ಪ್ರೇಕ್ಷಕರ ಗ್ಯಾಲರಿಯ ಕೆಳಗೆ ಇವರಲ್ಲಿ ಕೆಲವರು ಕೂತು ಮಾತಾಡಿದರು. ಇಷ್ಟು ದಿನ ಒಟ್ಟಿಗೆ ಬಂದೆವು, ಇನ್ನು ಬೇರೆ ಬೇರೆ ಆಗಿಬಿಡುವುದಾ? ಒಂದು ಸಂಘ ಬೇಕು ಅಂದರು. ಆಗ ಅಮೆರಿಕದಲ್ಲಿ ಲೈಸೆನ್ಸ್ ಇದ್ದ ಮಹಿಳಾ ಪೈಲಟ್ಟುಗಳು 117 ಮಂದಿ. ಎಲ್ಲರಿಗೂ ಪತ್ರ ಹೋಯಿತು. 1929ರ ನವೆಂಬರ್ 2ರಂದು ನ್ಯೂಯಾರ್ಕ್ ಹತ್ತಿರದ ಕರ್ಟಿಸ್ ಫೀಲ್ಡ್‌ನಲ್ಲಿ ಮೊದಲ ಸಭೆ ಸೇರಿತು. ಒಪ್ಪಿಕೊಂಡು ಸೇರಿದವರು 99 ಜನ. ಸಂಘಕ್ಕೆ ಅದೇ ಹೆಸರಾಯಿತು: ನೈಂಟಿ ನೈನ್ಸ್. ಇವತ್ತು ಅದು ಹಲವು ದೇಶಗಳಲ್ಲಿದೆ, ಭಾರತದಲ್ಲೂ ಇದೆ.

ಇನ್ನೊಂದು, ಆ ದಾರಿ ತಪ್ಪುವ ವಿಷಯ. ಕೆಲವು ವರ್ಷಗಳ ನಂತರ ಫೀಬಿ ಓಮ್ಲಿ ಸರ್ಕಾರದ ವಿಮಾನಯಾನ ಕೆಲಸಕ್ಕೆ ಸೇರಿದರು. ಊರಿನ ಹೆಸರನ್ನು ಮೇಲಿನಿಂದ ಓದುವಂತೆ ಬರೆಸಿಬಿಟ್ಟರೆ ಆಯಿತಲ್ಲ ಅನ್ನುವ ಯೋಜನೆ ಅವರದು. ಗೋದಾಮು, ಕೊಟ್ಟಿಗೆ, ಕಾರ್ಖಾನೆ, ಯಾವುದರ ಮಾಡು ದೊಡ್ಡದಿದೆಯೋ ಅದರ ಮೇಲೆ 12 ಅಡಿ ಎತ್ತರದ ಅಕ್ಷರ. ಸುಮಾರು 15 ಮೈಲಿಗೊಂದು ಗುರುತು. ಮಾಡು ಇಲ್ಲದ ಬಯಲಿನಲ್ಲಿ ಕಲ್ಲು ಜೋಡಿಸಿ ಬಣ್ಣ ಹಚ್ಚಿ ಅಕ್ಷರ ಮಾಡುವುದು. ಅದು ಆರ್ಥಿಕ ಕುಸಿತದ ಕಾಲ. ಕೆಲಸ ಇಲ್ಲದವರಿಗೆ ಕೂಲಿಯೂ ಸಿಕ್ಕಿತು. ಊರೂರಿಗೆ ಹೋಗಿ ಮಾಡಿನ ಯಜಮಾನರನ್ನು ಒಪ್ಪಿಸುವುದಕ್ಕೆ ನೇಮಿಸಿದ್ದು ಮಹಿಳಾ ಪೈಲಟ್ಟುಗಳನ್ನೇ. ಅವರಲ್ಲಿ ಲೂಯೀಸ್ ಥೇಡನ್ ಇದ್ದರು. ಬ್ಲಾಂಚ್ ನೋಯ್ಸ್ ಇದ್ದರು.

ನೋಯ್ಸ್ ಅವರ ಗಂಡ ಡ್ಯೂಯಿ ಕೂಡ ಪೈಲಟ್. 1935ರ ಡಿಸೆಂಬರಿನಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಮರುವರ್ಷ ಥೇಡನ್ ಮತ್ತು ನೋಯ್ಸ್ ಒಂದೇ ವಿಮಾನದಲ್ಲಿ ಕೂತು ನ್ಯೂಯಾರ್ಕಿನಿಂದ ಲಾಸ್ ಏಂಜಲಿಸ್‌ಗೆ ಹಾರಿ, ಗಂಡಸರೂ ಇದ್ದ ಬೆಂಡಿಕ್ಸ್ ರೇಸನ್ನು ಗೆದ್ದರು. ಒಂದು ಕಾಲದ ಎದುರಾಳಿಗಳು, ಈಗ ಅಕ್ಕಪಕ್ಕ.

ಮಾಡಿನ ಗುರುತುಗಳ ಕೆಲಸವನ್ನು ನೋಯ್ಸ್ ಬಿಡಲಿಲ್ಲ. ಎರಡನೇ ಮಹಾಯುದ್ಧ ಬಂದಾಗ ಇನ್ನೊಂದು ಪರೀಕ್ಷೆ. ಶತ್ರು ವಿಮಾನಗಳಿಗೂ ದಾರಿ ತೋರಿಸಿದಂತಾಗುತ್ತದೆ ಅಂತ, ಸಮುದ್ರ ತೀರದಿಂದ 150 ಮೈಲಿಯ ಒಳಗಿನ ಗುರುತುಗಳನ್ನೆಲ್ಲ ಅಳಿಸಲು ಆದೇಶ ಬಂತು. ಸುಮಾರು 13,000 ಗುರುತು. ಬರೆಸಿದವರೇ ಮುಂದೆ ನಿಂತು ಬಣ್ಣ ಬಳಿಸಿ ಮುಚ್ಚಿಸಿದರು. ಯುದ್ಧ ಮುಗಿದ ಮೇಲೆ ಮತ್ತೆ ಬರೆಸಲು ಹೊರಟರು. ಅಮೆರಿಕದ ಸಣ್ಣ ವಿಮಾನ ನಿಲ್ದಾಣಗಳಲ್ಲಿ ನೈಂಟಿ ನೈನ್ಸ್ ಸದಸ್ಯರು ಈಗಲೂ ರಜಾದಿನಗಳಲ್ಲಿ ಬ್ರಷ್ ಹಿಡಿದು ಬರುತ್ತಾರೆ. ನಿಲ್ದಾಣದ ಹೆಸರು ಬರೆಯುತ್ತಾರೆ. ದಿಕ್ಸೂಚಿ ಸರಿಯಾಗಿದೆಯಾ ಅಂತ ಪರೀಕ್ಷಿಸಲು ಬೇಕಾದ ದೊಡ್ಡ ದಿಕ್ಕಿನ ಚಕ್ರವನ್ನು ನೆಲದ ಮೇಲೆ ಬಿಡಿಸುತ್ತಾರೆ. ಸಂಬಳ ಇಲ್ಲದೆ.

ಕೊನೆಯಲ್ಲಿ ಒಬ್ಬ ತಾಯಿ, ಪಕ್ಕದಲ್ಲಿ ಮಗಳನ್ನು ಕೂರಿಸಿಕೊಂಡವರು, ಕೇಳಿದರು: "ಇಂಥ ಪ್ರಯಾಣ ಈಗಲೂ ನಡೆಯುತ್ತಾ? ನಮ್ಮ ಮಕ್ಕಳು ಹೋಗಬಹುದಾ?"

ನಡೆಯುತ್ತದೆ ಅಮ್ಮ. ಏರ್ ರೇಸ್ ಕ್ಲಾಸಿಕ್ ಅಂತ, 1977ರಿಂದ. ಸುಮಾರು 2,400 ಮೈಲಿ, ನಾಲ್ಕು ದಿನ. ಎಲ್ಲರೂ ಮಹಿಳೆಯರೇ. ಒಂದು ವಿಮಾನಕ್ಕೆ ಕಡಿಮೆ ಅಂದರೆ ಇಬ್ಬರು. ಹಗಲಲ್ಲಿ, ನೆಲ ಕಾಣುವ ಹವೆಯಲ್ಲಿ ಮಾತ್ರ ಹಾರಬೇಕು. ಪ್ರತಿ ವಿಮಾನದ ವೇಗವನ್ನು ಮೊದಲೇ ಅಳೆದಿಟ್ಟು, ಅದಕ್ಕಿಂತ ಎಷ್ಟು ಚೆನ್ನಾಗಿ ಹಾರಿದಿರಿ ಅಂತ ಲೆಕ್ಕ ಹಾಕುತ್ತಾರೆ. ಹಾಗಾಗಿ ಎರಡು ಸೀಟಿನ ಹಳೆಯ ಸೆಸ್ನಾ ಕೂಡ ವೇಗದ ವಿಮಾನವನ್ನು ಸೋಲಿಸಬಹುದು. ಹಿಂದಿನಿಂದ ಬೀಸುವ ಗಾಳಿಗಾಗಿ ಕಾಯುವ ತಾಳ್ಮೆ ಇದ್ದವರು ಗೆಲ್ಲುತ್ತಾರೆ. ಕಾಲೇಜು ಹುಡುಗಿಯರ ತಂಡಗಳೂ ಬರುತ್ತವೆ. ನಿಮ್ಮ ಮಗಳಿಗೆ ಮೊದಲು ಬೇಕಾಗಿರುವುದು ಒಂದು ಪೈಲಟ್ ಲೈಸೆನ್ಸು. ಮ್ಯಾಪು ಓದುವುದನ್ನು ಇವತ್ತೇ ಶುರು ಮಾಡಬಹುದು. ಈ ಗ್ರಂಥಾಲಯದಲ್ಲೇ ಒಳ್ಳೆಯ ಅಟ್ಲಾಸ್ ಇದೆ.